ಡಾಲ್ಟನ್ ಕಣ್ಣು, ಉಳಿದವರ ಕಣ್ಣು

1792ರಲ್ಲಿ ಒಂದು ದಿನ ಇಂಗ್ಲೆಂಡಿನ ಜಾನ್ ಡಾಲ್ಟನ್ ಮೇಣದಬತ್ತಿಯ ಬೆಳಕಿನಲ್ಲಿ ಜಿರೇನಿಯಂ ಹೂವೊಂದನ್ನು ನೋಡಿ ಬೆಕ್ಕಸಬೆರಗಾದ. ಹಗಲಿನಲ್ಲಿ ಆಕಾಶನೀಲಿಯಾಗಿ ಕಾಣುತ್ತಿದ್ದ ಹೂವು ಈಗ ನೀಲಿಯ ಸುಳಿವೂ ಇಲ್ಲದೆ ಕೆಂಪಾಗಿತ್ತು. ಗೆಳೆಯರನ್ನು ಕರೆದು ತೋರಿಸಿದ. ಹೂವು ಹಗಲಲ್ಲೂ ಗುಲಾಬಿ ಬಣ್ಣದ್ದೇ, ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಿಲ್ಲ ಎಂದುಬಿಟ್ಟರು. ಹೌದು ಎಂದವನು ಅವನ ಅಣ್ಣನೊಬ್ಬನೇ.

ಮುಂದೆ ಪರಮಾಣು ಸಿದ್ಧಾಂತದಿಂದ ಜಗತ್ಪ್ರಸಿದ್ಧನಾದ ಡಾಲ್ಟನ್‌ಗೆ ಆಗ 26ರ ಹರೆಯ. ಕೆಲವು ಬಣ್ಣಗಳಿಗೆ ಜನ ಸರಿಯಾದ ಹೆಸರಿಟ್ಟಿಲ್ಲ ಎಂದೇ ಅಷ್ಟು ವರ್ಷ ಅವನು ನಂಬಿದ್ದ. ತಪ್ಪು ಊರವರದು, ತನ್ನದಲ್ಲ! ನಗು ಬರಬಹುದು, ಆದರೆ ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಕಣ್ಣಿಗೆ ಏನು ಕಾಣುತ್ತಿಲ್ಲ ಎಂಬುದು ಅದೇ ಕಣ್ಣಿಗೆ ಗೊತ್ತಾಗುವುದಾದರೂ ಹೇಗೆ?

ಇಲ್ಲಿ ತತ್ತ್ವಶಾಸ್ತ್ರದ ಹಳೆಯ ತಕರಾರೊಂದು ತಲೆ ಹಾಕುತ್ತದೆ. ನನಗೆ ನೇರವಾಗಿ ಗೊತ್ತಿರುವುದು ನನ್ನ ಅನುಭವ ಒಂದೇ. ಇರುವುದು ನನ್ನ ಮನಸ್ಸು ಮಾತ್ರ, ಉಳಿದದ್ದೆಲ್ಲ ಅದರೊಳಗಿನ ತೋರಿಕೆ ಎಂದರೆ ಅಲ್ಲವೆನ್ನಲು ಸಾಕ್ಷಿ ಎಲ್ಲಿಂದ ತರುವುದು? ಈ ವಾದವೇ ಸಾಲಿಪ್ಸಿಸಂ. ತಾನು ಸಾಲಿಪ್ಸಿಸ್ಟ್, ಉಳಿದವರೇಕೆ ಹಾಗಿಲ್ಲವೋ ಆಶ್ಚರ್ಯ ಎಂದು ತರ್ಕಶಾಸ್ತ್ರಜ್ಞೆ ಕ್ರಿಸ್ಟೀನ್ ಲ್ಯಾಡ್-ಫ್ರಾಂಕ್ಲಿನ್ ಪತ್ರ ಬರೆದಿದ್ದರಂತೆ. ಬರ್ಟ್ರಂಡ್ ರಸೆಲ್ ಹೇಳಿದ ಕತೆ ಇದು. ಆಕೆ ಬಣ್ಣದ ದೃಷ್ಟಿಯ ಬಗ್ಗೆ ಸ್ವಂತ ಸಿದ್ಧಾಂತವನ್ನೇ ಮಂಡಿಸಿದ್ದ ವಿಜ್ಞಾನಿ ಎಂಬುದನ್ನು ಕತೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

ನಮ್ಮಲ್ಲಿ ಸುಮಾರು 7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದಕ್ಕೆಂದೇ ‘ಸಂತಾನಾಂತರಸಿದ್ಧಿ’ ಎಂಬ ಗ್ರಂಥ ಬರೆದ. ಸಂಸ್ಕೃತ ಮೂಲ ಕಳೆದುಹೋಗಿ ಟಿಬೆಟನ್ ಅನುವಾದ ಉಳಿದಿದೆ. ಅವನ ವಾದದ ತಿರುಳು ಇಷ್ಟು: ನಾನು ಮಾತಾಡುವ ಮುಂಚೆ, ಕೈ ಎತ್ತುವ ಮುಂಚೆ ನನ್ನಲ್ಲೊಂದು ಇಚ್ಛೆ ಹುಟ್ಟಿರುತ್ತದೆ. ನನ್ನ ಇಚ್ಛೆಯಿಲ್ಲದೆಯೂ ಎದುರಿಗೆ ಮಾತು, ಚಲನೆ ಕಂಡರೆ ಅದರ ಹಿಂದೆ ಬೇರೊಂದು ಮನಸ್ಸಿದೆ ಎಂದು ಊಹಿಸಬಹುದು. ಡಾಲ್ಟನ್ನನ ಗೆಳೆಯರು ‘ಇಲ್ಲ’ ಎಂದದ್ದೂ ಅವನು ಬಯಸಿದ ಉತ್ತರವಲ್ಲ.

ಡಾಲ್ಟನ್ ಮಾತ್ರ ವಾದಕ್ಕಿಳಿಯದೆ ಲೆಕ್ಕಕ್ಕಿಳಿದ. ಯಾರಿಗೆ ಯಾವ ಬಣ್ಣ ಹೇಗೆ ಕಾಣುತ್ತದೆ ಎಂದು ವಿಚಾರಿಸುತ್ತ ಹೋದ. ಅವನ 25 ವಿದ್ಯಾರ್ಥಿಗಳ ಒಂದು ತಂಡದಲ್ಲಿ ಇಬ್ಬರು ಅವನಂಥವರೇ ಸಿಕ್ಕರು. 1794ರಲ್ಲಿ ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಜ್ಞಾನ ಸಂಘದಲ್ಲಿ ಎಲ್ಲವನ್ನೂ ಓದಿದ. ಇತರರು ಕೆಂಪು ಎನ್ನುವುದು ತನಗೆ ಬರೀ ಮಬ್ಬು, ರಕ್ತ ಬಾಟಲಿಯ ಹಸಿರು ಬಣ್ಣದ ಹಾಗೆ ಎಂದು ಸಂಕೋಚವಿಲ್ಲದೆ ಹೇಳಿಕೊಂಡ. ಗುಲಾಬಿ ಹೂವಿನಿಂದ ಬರುವ ಬೆಳಕಿನಲ್ಲಿ ಕೆಂಪೂ ಉಂಟು, ನೀಲಿಯೂ ಉಂಟು. ಹಗಲಲ್ಲಿ ಅವನಿಗೆ ಎದ್ದು ಕಾಣುತ್ತಿದ್ದುದು ನೀಲಿ. ಮೇಣದಬತ್ತಿಯ ಬೆಳಕಿನಲ್ಲಿ ನೀಲಿಯ ಅಂಶ ತೀರ ಕಡಿಮೆ. ಹೂವಿನ ಬಣ್ಣ ‘ಬದಲಾದ’ ಗುಟ್ಟು ಇದು.

ಅಣ್ಣನ ಸಾಕ್ಷಿಯ ವಿಷಯ ಇನ್ನೂ ಸ್ವಾರಸ್ಯಕರ. 1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲಮನ್ ಆಷ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ನಡೆಸಿದ. ಮೊದಲೇ ಹೇಳಿಕೊಟ್ಟಿದ್ದ ಗುಂಪು ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಏನೂ ತಿಳಿಯದೆ ಬಂದವರು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ಹಿಂದೆಯೇ ಹೋದರು. ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಿದ್ದರೆ ಆ ಪ್ರಮಾಣ ಕಾಲು ಭಾಗಕ್ಕೆ ಇಳಿಯಿತು. ಜೊತೆಗಾರನ ಧೈರ್ಯ ಅಷ್ಟು ದೊಡ್ಡದು. ಆದರೆ ಡಾಲ್ಟನ್ನನ ಅಣ್ಣ ಒಪ್ಪಿದ್ದು ಅವನಿಗೂ ಅದೇ ದೋಷ ಇದ್ದುದರಿಂದ. ಈ ದೋಷದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಅಮ್ಮನಿಂದ ಇಬ್ಬರಿಗೂ ಬಂದಿರಬೇಕು. ಒಂದೇ ಮೂಲದ ಎರಡು ಸಾಕ್ಷಿಗಳನ್ನು ಎರಡೆಂದು ಎಣಿಸುವ ಹಾಗಿಲ್ಲ. ನಮ್ಮದೇ ಮನೆಯವರು, ನಮ್ಮದೇ ಪಕ್ಷದವರು ‘ನೀನು ಹೇಳಿದ್ದೇ ಸರಿ’ ಎಂದಾಗಲೂ ಇದು ನೆನಪಿರಬೇಕು.

ಡಾಲ್ಟನ್ ಎಡವಿದ್ದು ಕಾರಣ ಹೇಳುವಾಗ. ತನ್ನ ಕಣ್ಣಿನೊಳಗಿನ ದ್ರವ ನೀಲಿ ಇರಬೇಕು, ಅದೇ ಕೆಂಪನ್ನು ನುಂಗುತ್ತದೆ ಎಂದು ಊಹಿಸಿದ. ತಾನು ಸತ್ತ ಮೇಲೆ ಕಣ್ಣು ಪರೀಕ್ಷಿಸಿ ಎಂದೂ ಹೇಳಿಟ್ಟ. 1844ರಲ್ಲಿ ವೈದ್ಯ ಜೋಸೆಫ್ ರ‍್ಯಾನ್ಸಮ್ ಒಂದು ಕಣ್ಣಿನ ದ್ರವವನ್ನು ಗಾಜಿನ ಬಟ್ಟಲಿಗೆ ಸುರಿದು ನೋಡಿದರೆ ನೀರಿನಂತೆ ತಿಳಿ! ಇನ್ನೊಂದು ಕಣ್ಣಿನ ಹಿಂಭಾಗ ಕತ್ತರಿಸಿ ಅದರ ಮೂಲಕ ನೋಡಿದಾಗಲೂ ಕೆಂಪು, ಹಸಿರು ಬಣ್ಣಗಳು ಬದಲಾಗಲಿಲ್ಲ. ಆ ಕಣ್ಣಿನ ಚೂರುಗಳು ಮ್ಯಾಂಚೆಸ್ಟರಿನಲ್ಲೇ ಉಳಿದವು. 1995ರಲ್ಲಿ ಅವುಗಳಿಂದ ಡಿಎನ್ಎ ತೆಗೆದು ನೋಡಿದಾಗ ನಿಜ ಕಾರಣ ಹೊರಬಿತ್ತು: ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶಗಳಲ್ಲಿ ಮಧ್ಯಮ ತರಂಗಾಂತರಕ್ಕೆ ಸ್ಪಂದಿಸುವ ವರ್ಣದ್ರವ್ಯದ ಜೀನ್ ಅವನಲ್ಲಿ ಇರಲೇ ಇಲ್ಲ.

ನನ್ನ ಕೆಂಪು ನಿಮ್ಮ ಕೆಂಪಿನ ಹಾಗೆಯೇ ಇದೆಯೇ ಎಂಬ ಪ್ರಶ್ನೆ ಇಷ್ಟಾದರೂ ಇತ್ಯರ್ಥವಾಗಿಲ್ಲ. ಯಾವ ಡಿಎನ್ಎ ಪರೀಕ್ಷೆಯೂ ಅದನ್ನು ಹೇಳದು. ಯಾವ ಎರಡು ಬಣ್ಣಗಳ ನಡುವೆ ನಿಮಗೆ ವ್ಯತ್ಯಾಸ ಕಾಣುತ್ತದೆ, ಯಾವುವುಗಳ ನಡುವೆ ಕಾಣುವುದಿಲ್ಲ ಎಂಬುದನ್ನು ಮಾತ್ರ ಹೊರಗಿನವರು ಖಚಿತವಾಗಿ ಹೇಳಬಲ್ಲರು. ರೈಲು ಓಡಿಸುವವರಿಗೆ ಬಣ್ಣದ ಚುಕ್ಕೆಗಳೊಳಗಿನ ಅಂಕಿ ಓದಿಸುವ ಇಶಿಹಾರಾ ಪರೀಕ್ಷೆ ಮಾಡುವುದು ಇಷ್ಟಕ್ಕೇ. ಸಿಗ್ನಲ್ ಕೆಂಪೋ ಹಸಿರೋ ತಿಳಿದರೆ ಸಾಕು.

ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರು ಗೊಂದಲವಿದೆ. ಭಾರತದಲ್ಲೂ ಇದು ಅಪರೂಪವೇನಲ್ಲ. ಮನೆಯ ಹುಡುಗ ಚಿತ್ರ ಬಿಡಿಸುವಾಗ ಎಲೆಗೆ ಕಂದು, ಕಾಂಡಕ್ಕೆ ಹಸಿರು ಬಳಿದರೆ ಗದರಬೇಡಿ. ಒಮ್ಮೆ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಇಶಿಹಾರಾ ಪರೀಕ್ಷೆ ಮಾಡಿಸಿ.