ನಿಮಗಿದು ಗೊತ್ತೇ? ಗಣಿ, ತೈಲ ಎಂಜಿನಿಯರ್‌ಗಳ ಗಳಿಕೆಯ ಒಳಲೆಕ್ಕ

• ಅಮೆರಿಕ ಸರ್ಕಾರದ 2023ರ ಅಂಕಿಅಂಶದಂತೆ ಅಲ್ಲಿನ ಪೆಟ್ರೋಲಿಯಂ ಎಂಜಿನಿಯರ್‌ಗಳಲ್ಲಿ ಅರ್ಧದಷ್ಟು ಮಂದಿಯ ವಾರ್ಷಿಕ ಸಂಬಳ 1,35,690 ಡಾಲರ್‌ಗಿಂತ ಹೆಚ್ಚು! ಗಣಿ ಎಂಜಿನಿಯರ್‌ಗಳ ನಡುಮಟ್ಟದ ಸಂಬಳ ಲಕ್ಷ ಡಾಲರ್‌ನ ಆಸುಪಾಸು.

• ನಮ್ಮ ಒಎನ್‌ಜಿಸಿಯಲ್ಲಿ ಹೊಸ ಎಂಜಿನಿಯರ್‌ನ ತಿಂಗಳ ವೇತನ ಶ್ರೇಣಿ 60,000–1,80,000 ರೂಪಾಯಿ. ಕೋಲ್ ಇಂಡಿಯಾದಲ್ಲಿ ತರಬೇತಿ ಅವಧಿಯಲ್ಲೇ ತಿಂಗಳ ಮೂಲವೇತನ 50,000 ರೂಪಾಯಿ. ತುಟ್ಟಿಭತ್ಯೆ ಮತ್ತಿತರ ಸೌಲಭ್ಯ ಬೇರೆ.

• ಸರ್ಕಾರಿ ಕಂಪನಿಗಳ ನೇಮಕಾತಿಗೂ ಬಳಕೆಯಾಗುವ ಗೇಟ್ ಪರೀಕ್ಷೆಯಲ್ಲಿ ಗಣಿಗಾರಿಕೆಗೊಂದು, ಪೆಟ್ರೋಲಿಯಂಗೊಂದು ಪ್ರತ್ಯೇಕ ಪತ್ರಿಕೆಯೇ ಇದೆ.

• ಪದವಿಯೊಂದನ್ನೇ ಹಿಡಿದು ಹೋದರೆ ದೊಡ್ಡ ಗಣಿಯ ಮ್ಯಾನೇಜರ್ ಆಗಲಾಗದು. ಗಣಿಯಲ್ಲಿ ದುಡಿದ ಅನುಭವ ಬೇಕು, ಜೊತೆಗೆ ಧನಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಫಸ್ಟ್ ಕ್ಲಾಸ್ ಪ್ರಮಾಣಪತ್ರವೂ ಬೇಕು. ಕಲ್ಲಿದ್ದಲಿಗೆ ಒಂದು, ಲೋಹದ ಗಣಿಗೆ ಇನ್ನೊಂದು! ಬಡ್ತಿಯ ಕೀಲಿಕೈ ಇರುವುದು ಇದರಲ್ಲೇ.

• ಮುಂಬೈ ಹೈ ತೈಲಕ್ಷೇತ್ರ ಇರುವುದು ದಡದಿಂದ ಸುಮಾರು 160 ಕಿ.ಮೀ. ದೂರದ ಕಡಲಿನಲ್ಲಿ. ಅಲ್ಲಿ 14 ದಿನ ದುಡಿಮೆ, ಬಳಿಕ 14 ದಿನ ಬಿಡುವು. ದುಡಿಯುವ ದಿನಗಳ ಪಾಳಿ ಮಾತ್ರ 12 ಗಂಟೆಯದು.

• ಮಂಗಳೂರಿನ ಎಂಆರ್‌ಪಿಎಲ್‌ನಂಥ ಶುದ್ಧೀಕರಣ ಘಟಕ ನಡೆಸಲು ಹೆಚ್ಚಾಗಿ ಬೇಕಿರುವುದು ಕೆಮಿಕಲ್, ಮೆಕ್ಯಾನಿಕಲ್ ಎಂಜಿನಿಯರ್‌ಗಳು. ಪೆಟ್ರೋಲಿಯಂ ಎಂಜಿನಿಯರ್‌ನ ಕಾರ್ಯಕ್ಷೇತ್ರ ತೈಲಬಾವಿ: ಎಲ್ಲಿ ಕೊರೆಯಬೇಕು, ಎಷ್ಟು ಎತ್ತಬಹುದು ಎಂಬ ಲೆಕ್ಕ ಅವರದು.

• ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ನೆಲಮಾಳಿಗೆಯಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡಬಹುದು. ಬಂಡೆ ಸಿಡಿಸಿ ಪೊಳ್ಳು ಮಾಡುವ ಈ ವಿದ್ಯೆ ಗಣಿ ಎಂಜಿನಿಯರ್‌ಗಳದೇ. ಸುರಂಗ ಮಾರ್ಗ, ಜಲವಿದ್ಯುತ್ ಯೋಜನೆಗಳಲ್ಲೂ ಅವರಿಗೆ ಕೆಲಸ ಉಂಟು.

• ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ರಾಯಚೂರಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ರಾಜ್ಯದಲ್ಲೇ ಕಲಿಯಬೇಕೆಂದರೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ಓದಬಹುದು.

• ಹೆಣ್ಣುಮಕ್ಕಳು ನೆಲದಡಿಯ ಗಣಿಯಲ್ಲಿ ದುಡಿಯುವುದಕ್ಕೆ 1952ರ ಗಣಿ ಕಾಯ್ದೆಯ ತಡೆಯಿತ್ತು. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣಾ ಹುದ್ದೆಗಳಿಗೆ ಅದು ಸಡಿಲವಾಯಿತು. 2021ರಲ್ಲಿ ಆಕಾಂಕ್ಷಾ ಕುಮಾರಿ ಜಾರ್ಖಂಡ್‌ನ ಚುರಿ ಗಣಿ ಸೇರಿ, ಕೋಲ್ ಇಂಡಿಯಾದ ಮೊದಲ ಭೂಗತ ಗಣಿ ಮಹಿಳಾ ಎಂಜಿನಿಯರ್ ಎನಿಸಿದರು.

• 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಆರಂಭದಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದಾ ಪೇಟೆಯಲ್ಲಿ ಸೊನ್ನೆಗಿಂತಲೂ ಕೆಳಗೆ, ಮೈನಸ್ 37.63 ಡಾಲರ್‌ಗೆ! ಬೆಲೆ ಕುಸಿದಾಗ ಮೊದಲು ನಿಲ್ಲುವುದು ಹೊಸ ಬಾವಿ ಕೊರೆಯುವ ಕೆಲಸ, ಅದರ ಬೆನ್ನಿಗೇ ಹೊಸ ನೇಮಕಾತಿ. ಆದ್ದರಿಂದ ಪೆಟ್ರೋಲಿಯಂ ಕೋರ್ಸಿಗೆ ಸೇರುವವರು ಇಂದಿನ ಸಂಬಳವನ್ನಷ್ಟೇ ನೋಡಿದರೆ ಸಾಲದು. ಕೆಲಸ ಹುಡುಕುವುದು ನಾಲ್ಕು ವರ್ಷದ ಬಳಿಕ, ಆಗಿನ ತೈಲಬೆಲೆಯಲ್ಲಿ!