ಮೊಸಾಯಿಕ್ ಒಡವೆ ಕಲಿಯಲು ಎಲ್ಲಿಂದ ಆರಂಭಿಸಲಿ?

ಭಾಲ್ಕಿ, ಔರಾದ್ ಕಡೆಯ ಆಸಕ್ತರು ಅಂಟು ಮತ್ತು ಗಾಜಿನ ಚೂರುಗಳ ಕಿಟ್ ಕೊಳ್ಳುವ ಮೊದಲು ಬೀದರ್ ನಗರಕ್ಕೆ ಹೋಗಿ ಬರಬೇಕೆಂಬುದು ನನ್ನ ಸಲಹೆ. ಚೂರುಗಳನ್ನು ಜೋಡಿಸುವುದು ಬೇಗ ಬರುತ್ತದೆ. ಅವು ಕದಲದಂತೆ ಕೂರಿಸುವುದೇ ನಿಜವಾದ ವಿದ್ಯೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲನ್ನು ಕೊರೆದು, ಆ ಕುಳಿಯ ಅಳತೆಗೆ ಸರಿಯಾಗಿ ಮುತ್ತಿನ ಚಿಪ್ಪನ್ನು ಕತ್ತರಿಸಿ ಕೂರಿಸಿದ್ದಾರೆ. ಬರೀದ್ ಶಾಹಿಗಳ ಕಾಲದ ಆ ಕೆಲಸ ಇಂದಿಗೂ ಹೊಳೆಯುತ್ತದೆ. ಬಿದರಿ ಕಲೆಯದೂ ಇದೇ ತರ್ಕ. ಹೆಚ್ಚು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಲೋಹದ ಮೇಲೆ ಮೈಲುತುತ್ತದ ದ್ರಾವಣ ಸವರಿ ಕಪ್ಪಾಗಿಸಿ, ಚಿತ್ರ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಲೋಹವನ್ನು ಕಡುಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮಾತ್ರ ಮುಟ್ಟುವುದಿಲ್ಲ. ಎಂಥ ಸೊಗಸಾದ ರಸಾಯನಶಾಸ್ತ್ರ!

ಇದು ಮೊಸಾಯಿಕ್ ಅಲ್ಲ, ಕೆತ್ತಿ ಕೂರಿಸುವ ಕೆಲಸ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಅಂಚಿಗೆ ಅಂಚು ಹೊಂದಿಸುವ ಕಣ್ಣು ಎರಡಕ್ಕೂ ಒಂದೇ, ಬಿದರಿಯಲ್ಲಿ ಅದು ಹೆಚ್ಚು ಕಟ್ಟುನಿಟ್ಟಾಗಿ ಪಳಗುತ್ತದೆ. ವರ್ಷಗಟ್ಟಲೆ ಬೇಕಲ್ಲವೇ ಎಂದರೆ, ಪಾಂಡಿತ್ಯಕ್ಕೆ ಬೇಕು, ಆರಂಭಕ್ಕಲ್ಲ. ಎರಕದ ಕೆಲಸವನ್ನು ಅನುಭವಿಗಳಿಗೇ ಬಿಡಿ, ಅದರ ಬಿಸಿ ಮತ್ತು ಹೊಗೆ ಮನೆಯೊಳಗೆ ಸಲ್ಲದು. ನೀವು ಒಂದು ಲೋಲಕ್ಕಿನ ಅಗಲದಲ್ಲಿ ಬಳ್ಳಿ ಬರೆಯುವುದರಿಂದ, ಉಳಿ ಹಿಡಿಯುವುದರಿಂದ ತೊಡಗಿ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಲೆಯ ಕುಶಲಿಗಳು ಬೀದರ್‌ನಲ್ಲೇ ಇದ್ದಾರೆ. ಕಲಿಸುವ ಶ್ರಮಕ್ಕೆ ಸಂಭಾವನೆ ಕೊಟ್ಟೇ ಕಲಿಯಿರಿ.