ಕಟ್ಟೆಯ ಮೇಲಿನ ಪ್ರಾಣಿಶಾಸ್ತ್ರ

ಸಿಂದಗಿಯ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಚಹಾ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ನೋಡಿ. ಮೊದಲು ಮಳೆಯ ಮಾತು, ಆಮೇಲೆ ರಾಜಕಾರಣ. ಎರಡೂ ಹಳಸಿದ ಮೇಲೆ ಯಾರೋ ಒಬ್ಬರು ತಮ್ಮ ಹೋರಿಯ ಸುದ್ದಿ ತೆಗೆಯುತ್ತಾರೆ. ಇನ್ನೊಬ್ಬರಿಗೆ ಕರವಾನಿ ನಾಯಿಯ ಮರಿ ನೆನಪಾಗುತ್ತದೆ. ಮೂರನೆಯವರು ಹೊಲದಲ್ಲಿ ಕಂಡ ತೋಳದ ಕಥೆ ಹೇಳುತ್ತಾರೆ. ‘ತ್ವಾಳ ಅಲ್ರೀ ಅದು, ನರಿ ಇರಬೇಕು’ ಎಂದು ನಾಲ್ಕನೆಯವರು ತಕರಾರು ತೆಗೆದರೆಂದರೆ ಇನ್ನೊಂದು ಸುತ್ತು ಚಹಾ ಬಂತೆಂದೇ ಲೆಕ್ಕ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. 1997ರಲ್ಲಿ ಬಾಗಲಕೋಟೆ ಬೇರೆಯಾದಾಗ ಬಿಜಾಪುರದ ಜೊತೆ ಹಳೆಯ ಜಿಲ್ಲೆಯಲ್ಲಿ ಉಳಿದ ತಾಲ್ಲೂಕುಗಳಿವು. ಈಚೆಗೆ ಇವುಗಳ ಹೊಟ್ಟೆಯಿಂದ ಹೊಸ ತಾಲ್ಲೂಕುಗಳು ಹುಟ್ಟಿವೆ, ಜಿಲ್ಲೆಯ ಹೆಸರೂ 2014ರಲ್ಲಿ ವಿಜಯಪುರವಾಗಿದೆ. ಮಾತಿನ ಚಾಳಿ ಮಾತ್ರ ಬದಲಾಗಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಕಾಡೆಂಬುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಪ್ರಾಣಿಗಳ ಬಗ್ಗೆ ಇಲ್ಲಿನ ಜನ ಆಡುವಷ್ಟು ಮಾತನ್ನು ಕಾಡಂಚಿನವರೂ ಆಡಲಾರರು. ಇದು ಬರೀ ಕಾಲಹರಣವೇ? ಅಥವಾ ಶಾಲೆ, ಪುಸ್ತಕಗಳಿಲ್ಲದ ಕಾಲದಿಂದ ಬಾಯಿಂದ ಬಾಯಿಗೆ ದಾಟಿ ಬಂದ ವಿದ್ಯೆಯೇ?

ಸುಳಿ ನೋಡುವವರು

ದನದ ಮಾತಿನಿಂದಲೇ ಆರಂಭಿಸೋಣ. ಬಸವನ ಬಾಗೇವಾಡಿಯ ಹೆಸರಿನಲ್ಲೇ ಬಸವನಿದ್ದಾನೆ. ನಂದಿಗೆ ಹರಕೆ ಹೊತ್ತು ಪಡೆದ ಮಗನಿಗೆ ಮಾದಲಾಂಬಿಕೆ ಬಸವನೆಂದು ಹೆಸರಿಟ್ಟಳೆಂಬ ನಂಬಿಕೆ ಇಲ್ಲಿಯದು. ಎತ್ತು ಈ ನೆಲದಲ್ಲಿ ದುಡಿಯುವ ಪ್ರಾಣಿಯಷ್ಟೇ ಅಲ್ಲ, ದೇವರೂ ಹೌದು, ಹವಾಮಾನ ತಜ್ಞನೂ ಹೌದು. ಕಾರ ಹುಣ್ಣಿಮೆಯ ದಿನ ಕರಿ ಹರಿಯುವಾಗ ಕೆಂದೆತ್ತು ಮುಂದಾದರೆ ಮುಂಗಾರಿ ಚೆಲೋ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಚೆಲೋ ಎಂದು ಹೇಳುವ ಊರುಗಳಿವೆ.

ಜಾತ್ರೆಯ ದನದ ಪೇಟೆಯಲ್ಲಿ ಹಳೆಯ ಕೈಯೊಬ್ಬರು ಮೊದಲು ನೋಡುವುದು ಹಲ್ಲು. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದರೆ ಎರಡೂವರೆ ವರ್ಷದ ಹತ್ತಿರ. ನಾಲ್ಕು, ಆರು ಎಂದು ಏರುತ್ತಾ ಬಾಯಿಗೂಡಿತೆಂದರೆ ಐದರ ಆಸುಪಾಸು. ಪಶುವೈದ್ಯರ ಪಠ್ಯಪುಸ್ತಕವೂ ವಯಸ್ಸನ್ನು ಹೀಗೆಯೇ ಲೆಕ್ಕ ಹಾಕುತ್ತದೆ. ಇಲ್ಲಿ ಕಟ್ಟೆಗೂ ಕಾಲೇಜಿಗೂ ಜಗಳವಿಲ್ಲ.

ಜಗಳ ಹುಟ್ಟುವುದು ಸುಳಿಯ ವಿಷಯಕ್ಕೆ. ಹಣೆಯ ಮೇಲೆ, ಬೆನ್ನ ಮೇಲೆ ಕೂದಲು ಸುತ್ತಿಕೊಂಡ ಸುಳಿ ಎಲ್ಲಿದೆ ಎಂಬುದರ ಮೇಲೆ ಎತ್ತಿನ ಗುಣವನ್ನೂ ಕೊಂಡವನ ಭಾಗ್ಯವನ್ನೂ ಹೇಳುವ ಶಾಸ್ತ್ರವಿದು. ಓದಿದವರು ಇದನ್ನು ಮೂಢನಂಬಿಕೆ ಎಂದು ತಳ್ಳಿಬಿಡುತ್ತಾರೆ. ಆದರೆ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಸ್ವಲ್ಪ ಯೋಚಿಸುವಂತೆ ಮಾಡುತ್ತದೆ. ಸುಮಾರು 1,500 ದನಗಳನ್ನು ಗಮನಿಸಿದ ಅವರಿಗೆ, ಕಣ್ಣಿನ ಮಟ್ಟಕ್ಕಿಂತ ಮೇಲೆ ಹಣೆಸುಳಿ ಇರುವ ದನಗಳು ಕಟ್ಟಿ ಹಾಕಿದಾಗ ಹೆಚ್ಚು ಗಾಬರಿಯಾಗುವುದು ಕಂಡಿತು. ಗರ್ಭದಲ್ಲಿ ಚರ್ಮವೂ ನರಮಂಡಲವೂ ಒಂದೇ ಮೂಲಪದರದಿಂದ ಬೆಳೆಯುವುದರಿಂದ ಕೂದಲಿನ ವಿನ್ಯಾಸಕ್ಕೂ ಸ್ವಭಾವಕ್ಕೂ ನಂಟಿರಬಹುದು ಎಂಬುದು ಅದಕ್ಕೆ ಕೊಡುವ ವಿವರಣೆ. ಅಂದರೆ ಎತ್ತಿನ ಸಿಟ್ಟು ಸುಳಿಯಲ್ಲಿ ಕಂಡೀತು. ಒಡೆಯನ ಭಾಗ್ಯ ಮಾತ್ರ ಕಾಣಲಾರದು. ಅಜ್ಜಂದಿರ ಮಾತಿನಲ್ಲಿ ಕಾಳೂ ಇದೆ, ಹೊಟ್ಟೂ ಇದೆ. ತೂರಿ ನೋಡಬೇಕು.

ಇಲ್ಲಿನ ತಳಿಗಳೂ ನೆಲ ನೋಡಿ ಬಂದವೇ. ಗಡಿಯಾಚೆಯ ಸೊಲ್ಲಾಪುರ, ಸಾಂಗ್ಲಿಗಳಿಂದ ಈಚೆಯ ಇಂಡಿಯವರೆಗೆ ಹರಡಿರುವ ಖಿಲಾರಿ ಓಟಕ್ಕೆ, ಗಾಡಿಗೆ ಹೆಸರುವಾಸಿ. ಮೈ ತೆಳು, ಕೋಪ ಮೂಗಿನ ತುದಿಯಲ್ಲಿ. ಎರೆಮಣ್ಣು ಹಸಿಯಾದರೆ ಕಾಲು ಹಿಡಿದೆಳೆಯುತ್ತದೆ. ಅದರಲ್ಲಿ ಕುಂಟೆ ಎಳೆಯಲು ಭಾರದ ಮೈ ಬೇಕು. ಹೀಗಾಗಿ 19ನೇ ಶತಮಾನದಲ್ಲಿ ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರ ಆಸಕ್ತಿಯಿಂದ ಗೀರ್, ಓಂಗೋಲ್ ಮೊದಲಾದವುಗಳ ರಕ್ತ ಬೆರೆತು ಕೃಷ್ಣಾ ಕಣಿವೆ ತಳಿ ರೂಪುಗೊಂಡಿತು. ಟ್ರ್ಯಾಕ್ಟರ್ ಬಂದ ಮೇಲೆ ಆ ಭಾರದ ಮೈಗೆ ಕೆಲಸವಿಲ್ಲದಾಯಿತು. ಇಂದು ಅದು ಅಪರೂಪದ ತಳಿ.

ಕಣ್ಣಿನಿಂದ ಬೇಟೆಯಾಡುವ ನಾಯಿ

ನಾಯಿಯ ಮಾತು ಬಂದರೆ ನಾಲ್ಕೂ ತಾಲ್ಲೂಕುಗಳ ಜನ ಮುಧೋಳವನ್ನು ತಮ್ಮದೇ ಎನ್ನುತ್ತಾರೆ. ತಪ್ಪೂ ಅಲ್ಲ. 1997ರವರೆಗೆ ಮುಧೋಳ ಇದೇ ಜಿಲ್ಲೆಯಲ್ಲಿತ್ತು. ಕುರಿಗಾರರ ಬೆನ್ನಿಗೆ ಓಡಾಡಿಕೊಂಡಿದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆರಿಸಿ ಬೆಳೆಸಿದರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿಯೊಂದನ್ನು ಕಾಣಿಕೆ ಕೊಟ್ಟ ಮೇಲೆ ‘ಮುಧೋಳ ಹೌಂಡ್’ ಎಂಬ ಹೆಸರು ಗಟ್ಟಿಯಾಯಿತೆನ್ನುತ್ತಾರೆ. ಕಟ್ಟೆಯ ಮಾತಿನಲ್ಲಿ ಇಂದಿಗೂ ಅದು ‘ಕರವಾನಿ’. ಪಶ್ಚಿಮ ಏಷ್ಯಾದ ಕಡೆಯಿಂದ ಬಂದ ಕಾರವಾನುಗಳ ಜೊತೆ ಇಳಿದು ಬಂದದ್ದೆಂಬ ನೆನಪು ಆ ಶಬ್ದದಲ್ಲಿದೆ. ಕಿವಿ, ಬಾಲಕ್ಕೆ ರೇಷ್ಮೆಯಂಥ ಕೂದಲಿದ್ದರೆ ‘ಪಶ್ಮಿ’.

ಹೆಚ್ಚಿನ ನಾಯಿಗಳು ಮೂಗಿನಿಂದ ಜಗತ್ತನ್ನು ತಿಳಿಯುತ್ತವೆ. ಕರವಾನಿ ಬೇಟೆಯನ್ನು ಕಣ್ಣಿನಿಂದ ಹಿಡಿಯುತ್ತದೆ. ಉದ್ದನೆಯ ತಲೆ, ಪಕ್ಕಕ್ಕೆ ಸರಿದ ಕಣ್ಣು, ಆಳವಾದ ಎದೆ, ಬೆನ್ನಿಗೆ ಹತ್ತಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು. ಮರಗಿಡಗಳ ಅಡ್ಡಿಯಿಲ್ಲದ, ಬಾನಂಚಿನವರೆಗೆ ಕಣ್ಣು ಹಾಯುವ ಎರೆಯ ಬಯಲೇ ಇಂಥ ನಾಯಿಗೆ ತಕ್ಕ ನೆಲ. ದಟ್ಟ ಕಾಡಿನಲ್ಲಿ ಇದರ ವಿದ್ಯೆ ನಡೆಯದು.

ಈಗ ಇದಕ್ಕೆ ಮಾನ ಬಂದಿದೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಕೆಲಸ ಮಾಡುತ್ತಿದೆ. ಅಲ್ಲಿಂದ ಸೇನೆಗೂ ಮರಿಗಳು ಹೋಗಿವೆ. 2020ರಲ್ಲಿ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆ ಇದನ್ನು ತಳಿಯಾಗಿ ನೋಂದಾಯಿಸಿತು. ಮಾನದ ಜೊತೆಗೆ ಬೇರೆ ತೊಂದರೆ ಬಂತು. ಹೆಸರು ಕೇಳಿ ಪಟ್ಟಣದವರು ಮರಿ ಒಯ್ಯುತ್ತಾರೆ. ಓಡಲೆಂದೇ ಹುಟ್ಟಿದ ನಾಯಿಯನ್ನು ಮೂರನೇ ಮಹಡಿಯಲ್ಲಿ ಕಟ್ಟಿ, ‘ಯಾಕೋ ಬಡವಾಗಿದೆ, ಎಷ್ಟು ಹಾಕಿದರೂ ಮೈ ತುಂಬುವುದಿಲ್ಲ’ ಎನ್ನುತ್ತಾರೆ. ಕಟ್ಟೆಯ ಮೇಲಿನ ಯಾವ ಕುರಿಗಾರನೂ ಹೇಳಬಲ್ಲ, ಕರವಾನಿಗೆ ಪಕ್ಕೆಲುಬು ಕಾಣಬೇಕು. ಹಾಗೆಯೇ ಹಳೆಯ ಹವ್ಯಾಸಿಗಳಿಗೂ ಒಂದು ಮಾತು ಹೇಳಬೇಕು. ನಾಯಿ ಬಿಟ್ಟು ಮೊಲ ಹಿಡಿಸುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ತೋಳನ ಪಾಲು

ಕುರಿಗಾರರ ಕಟ್ಟೆಯಲ್ಲಿ ತೋಳ ಬಾರದ ಸಂಜೆಯಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುವ ಇವರು ರಾತ್ರಿಯೆಲ್ಲಾ ಎಚ್ಚರವಿರುವುದು ಅದರ ಭಯಕ್ಕೆ. ಆದರೂ ದಖನ್ನಿನ ಹಲವು ಕುರಿಗಾರರ ಮಾತಿನಲ್ಲಿ ದ್ವೇಷಕ್ಕಿಂತ ಲೆಕ್ಕಾಚಾರ ಹೆಚ್ಚು. ಹಿಂಡಿನಲ್ಲಿ ತೋಳಕ್ಕೂ ಒಂದು ಪಾಲು ಇದೆ ಎನ್ನುತ್ತಾರೆ. ಈ ಒಂದು ಮಾತು ಎಷ್ಟು ತೋಳಗಳ ಜೀವ ಉಳಿಸಿದೆಯೋ.

ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು 3,100 ಎಂದು ವಿಜ್ಞಾನಿಗಳ ಅಂದಾಜು. 2022ರ ಗಣತಿಯಲ್ಲಿ ಹುಲಿಗಳ ಸರಾಸರಿ ಅಂದಾಜು 3,682. ಅಂದರೆ ನಾವು ಪೋಸ್ಟರ್ ಅಂಟಿಸಿ ಉಳಿಸುತ್ತಿರುವ ಹುಲಿಗಿಂತ ನಮ್ಮ ಹೊಲದಂಚಿನ ತೋಳವೇ ಕಡಿಮೆ. ಹುಲಿಗೆ ಅಭಯಾರಣ್ಯಗಳಿವೆ, ತೋಳ ಬದುಕುವುದು ಹುಲ್ಲುಗಾವಲಿನಲ್ಲಿ, ಬೀಳು ಹೊಲಗಳಲ್ಲಿ, ಅಂದರೆ ಕಂದಾಯ ದಾಖಲೆಯಲ್ಲಿ ‘ಪಾಳು’ ಎಂದು ಬರೆದ ನೆಲದಲ್ಲಿ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಾಗಿರುವುದು ಸಮಾಧಾನದ ಸಂಗತಿ. ಬೀದಿನಾಯಿಗಳ ಜೊತೆ ಕೂಡುವುದು ಇನ್ನೊಂದು ಅಪಾಯ. ಪುಣೆಯ ಸುತ್ತ ತೋಳ-ನಾಯಿ ಬೆರಕೆ ಹುಟ್ಟಿರುವುದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ‘ಅದು ತೋಳವೋ ನಾಯಿಯೋ’ ಎಂಬ ಚಹಾ ಅಂಗಡಿಯ ಜಗಳ ಈಗ ಪ್ರಯೋಗಾಲಯದ್ದೂ ಆಗಿದೆ.

ಬಯಲನ್ನೇ ನಂಬಿದ್ದ ಇನ್ನೊಂದು ಜೀವದ ಕಥೆ ಇದಕ್ಕಿಂತ ದುಃಖದ್ದು. ಸುಮಾರು ಮೀಟರ್ ಎತ್ತರದ, ಭಾರವಾದ, ಹುಲ್ಲಿನಲ್ಲಿ ನಿಂತರೆ ಕಾಣದ ಹಕ್ಕಿಯೊಂದನ್ನು ಎರೆಸೀಮೆಯ ಜನ ‘ಎರೆಭೂತ’ ಎಂದು ಕರೆದರು. ದೊರವಾಯನ ಹಕ್ಕಿ ಎಂಬ ಹೆಸರೂ ಉಂಟು. ಇಂಡಿಯ ಗಡಿಯಾಚೆ, ಸೊಲ್ಲಾಪುರದ ಬಳಿಯ ನಾನಜ್‌ನಲ್ಲಿ 1979ರಲ್ಲಿ ಇದಕ್ಕೆಂದೇ ಅಭಯಾರಣ್ಯ ಮಾಡಿದರು. ಇಂದು ಇಡೀ ದೇಶದಲ್ಲಿ ಈ ಹಕ್ಕಿ 150ನ್ನು ದಾಟದು; ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು. ಹೆಸರು ಮುದುಕರ ಬಾಯಲ್ಲಿ ಉಳಿದಿದೆ, ಹೆಸರಿಟ್ಟುಕೊಂಡ ಹಕ್ಕಿ ಕಣ್ಣಿಗೆ ಬೀಳದು. ಈಗ ಅದು ನಿಜವಾಗಿಯೂ ಭೂತವಾಗಿದೆ.

ಇದಕ್ಕೆ ಯಾರನ್ನು ದೂರುವುದು? ಆಲಮಟ್ಟಿಯಿಂದ, ಮುಳವಾಡ, ಗುತ್ತಿ ಬಸವಣ್ಣ ಏತ ನೀರಾವರಿಗಳಿಂದ ನೀರು ಬಂತು. ಬರಗಾಲಕ್ಕೆ ಹೆಸರಾದ ನೆಲದಲ್ಲಿ ಕಬ್ಬು, ದ್ರಾಕ್ಷಿ, ನಿಂಬೆ ನಿಂತವು. ಗುಳೆ ಹೋಗುವ ಗಾಡಿಗಳನ್ನು ಕಂಡವರು ಇದನ್ನು ಬೇಡವೆನ್ನಲಾರರು. ಅದೇ ನೀರು ಹೊಸ ಅತಿಥಿಗಳನ್ನೂ ಕರೆತಂದಿದೆ. ಆಲಮಟ್ಟಿಯ ಹಿನ್ನೀರು ಸರಿದ ಕೆಸರಿನಲ್ಲಿ ರಾಜಹಂಸಗಳು ಇಳಿಯುತ್ತವೆ. ಬಯಲಿನ ಹಕ್ಕಿ ಹೋಯಿತು, ನೀರಿನ ಹಕ್ಕಿ ಬಂತು. ಕಟ್ಟೆಯ ಲೆಕ್ಕಕ್ಕೆ ಎರಡೂ ಬೇಕು.

ಮಾತು ಬೆಲೆಯಾದಾಗ

ಎಲ್ಲ ಮಾತೂ ಒಳ್ಳೆಯದಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಸಣ್ಣವನಿದ್ದಾಗ ಒಂದು ಗಿಳಿಯ ಪಂಜರವಿತ್ತು. ಬಂದವರೆಲ್ಲ ಅದರ ಜೊತೆ ಮಾತಾಡುತ್ತಿದ್ದರು, ಮೆಣಸಿನಕಾಯಿ ಕೊಡುತ್ತಿದ್ದರು. ಅದರ ರೆಕ್ಕೆ ಕತ್ತರಿಸಿದ್ದು ನಮಗೆ ತಪ್ಪೆಂದು ತೋರಿರಲಿಲ್ಲ. ನಮ್ಮ ದೇಶದ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಕಾನೂನಿಗೆ ವಿರುದ್ಧವೆಂದು ನನಗೆ ತಿಳಿದದ್ದು ವರದಿಗಾರನಾದ ಮೇಲೆ. ಆಫ್ರಿಕಾ ಮೂಲದ ಲವ್ ಬರ್ಡ್ಸ್, ಆಸ್ಟ್ರೇಲಿಯಾ ಮೂಲದ ಬಜ್ರಿಗಾರ್‌ಗಳನ್ನು ಸಾಕಲು ಅಡ್ಡಿಯಿಲ್ಲ. ಹೊಲದ ಗಿಳಿ ಹೊಲದಲ್ಲೇ ಇರಬೇಕು. ನಕ್ಷತ್ರ ಆಮೆಗೂ ಇದೇ ಮಾತು. ಮನೆಯಲ್ಲಿಟ್ಟರೆ ಅದೃಷ್ಟವೆಂಬ ಗಾಳಿಮಾತೇ ಅದರ ದುರದೃಷ್ಟ.

ಇನ್ನೂ ಕೆಟ್ಟದ್ದು ಮಣ್ಣುಮುಕ್ಕ ಹಾವಿನ ಮಾತು. ಮೊಂಡು ಬಾಲ ತಲೆಯಂತೆ ಕಾಣುವುದರಿಂದ ಇದಕ್ಕೆ ‘ಎರಡು ತಲೆ ಹಾವು’ ಎಂದು ಹೆಸರು. ವಿಷವಿಲ್ಲ, ಇಲಿ ತಿಂದು ರೈತನಿಗೆ ಉಪಕಾರ ಮಾಡುತ್ತದೆ. ಇದಕ್ಕೆ ಲಕ್ಷಗಟ್ಟಲೆ ಬೆಲೆ, ಕೊಂಡರೆ ನಿಧಿ ಸಿಗುತ್ತದೆ ಎಂದು ಯಾರೋ ಎಲ್ಲೋ ಆಡಿದ ಮಾತು ಕರ್ನಾಟಕ, ಮಹಾರಾಷ್ಟ್ರಗಳಲ್ಲೆಲ್ಲ ಹರಡಿತು. ಹಾವನ್ನು ಹಿಡಿದವರೂ ಕೊಳ್ಳಲು ಹೋದವರೂ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಲಾಭವಾದದ್ದು ನಡುವಿನ ಮೋಸಗಾರರಿಗೆ. ಸತ್ತದ್ದು ಹಾವು.

ರಾತ್ರಿಯ ಹೂ

ಗಂಡಸರ ಕಟ್ಟೆಯಂತೆ ಹೆಂಗಸರಿಗೆ ಅಂಗಳವಿದೆ. ಅಲ್ಲಿ ಮಾತು ತುಳಸಿ, ಮಲ್ಲಿಗೆ, ಮನಿಪ್ಲಾಂಟುಗಳ ಸುತ್ತ ತಿರುಗುತ್ತದೆ. ಮುದ್ದೇಬಿಹಾಳದ ಓಣಿಯಲ್ಲಾಗಲಿ ಇಂಡಿಯ ಓಣಿಯಲ್ಲಾಗಲಿ ಒಂದು ಮನೆಯ ಕುಂಡದಲ್ಲಿ ಬ್ರಹ್ಮಕಮಲ ಮೊಗ್ಗು ಬಿಟ್ಟರೆ ಅದು ಇಡೀ ಓಣಿಯ ಸುದ್ದಿ. ‘ಇವತ್ತ ರಾತ್ರಿ ಅರಳತೈತಿ, ಬರ್ರಿ’ ಎಂಬ ಕರೆ. ರಾತ್ರಿ ಒಂಬತ್ತರ ಮೇಲೆ ಅರಳಿ, ಘಮ್ಮೆಂದು, ಬೆಳಗಾಗುವಷ್ಟರಲ್ಲಿ ಬಾಡುವ ಈ ಹೂವಿಗೆ ಆರತಿಯೂ ಉಂಟು.

ನಿಜ ಹೇಳಬೇಕೆಂದರೆ ಇದು ಕಮಲವೂ ಅಲ್ಲ, ಹಿಮಾಲಯದ ಬ್ರಹ್ಮಕಮಲವೂ ಅಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಒಂದು ಜಾತಿಯ ಪಾಪಾಸುಕಳ್ಳಿ ಇದು. ನಾವು ಎಲೆ ಎನ್ನುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ರಾತ್ರಿ ಹಾರುವ ಪತಂಗಗಳಿಗೆಂದು ಕತ್ತಲಲ್ಲಿ ಅರಳುವ ಹೂ ಬಿಳಿಯಾಗಿರಬೇಕು, ಪರಿಮಳ ಬೀರಬೇಕು. ಅದು ಆ ಗಿಡದ ವ್ಯವಹಾರ. ಇಷ್ಟು ತಿಳಿದ ಮಾತ್ರಕ್ಕೆ ಅದನ್ನು ನೋಡಲು ಬಂದವರ ಭಕ್ತಿಯೇನೂ ಕಡಿಮೆಯಾಗಬೇಕಿಲ್ಲ. ಹೂ ನೋಡಿ ಹೊರಡುವಾಗ ‘ನಮಗೊಂದು ಎಲಿ ಕೊಡ್ರಿ’ ಎಂದು ಕೇಳುವ ವಾಡಿಕೆಯಿದೆ. ಆ ತುಂಡನ್ನು ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಒಂದು ತಾಯಿಗಿಡ ಹೀಗೆ ಬೀಜವಿಲ್ಲದೆ, ದುಡ್ಡಿಲ್ಲದೆ, ಬರೀ ಮಾತಿನ ಬಲದಿಂದ ಮನೆಯಿಂದ ಮನೆಗೆ, ತವರಿನಿಂದ ಗಂಡನ ಮನೆಗೆ ನಡೆದು ಬಂದಿದೆ.

ಕಟ್ಟೆಯ ವಿದ್ಯೆಯೂ ಹೀಗೆಯೇ. ಅದು ಕೊಟ್ಟರೆ ಬೆಳೆಯುತ್ತದೆ, ಕೊಡದಿದ್ದರೆ ಕುಂಡದಲ್ಲೇ ಒಣಗುತ್ತದೆ. ಹಲ್ಲು ಎಣಿಸಿ ವಯಸ್ಸು ಹೇಳುವ, ಹೆಜ್ಜೆ ನೋಡಿ ತೋಳವೋ ನಾಯಿಯೋ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಕೂರುವ ಹುಡುಗರು ಕಡಿಮೆಯಾಗಿದ್ದಾರೆ. ಮುಂದಿನ ಸಲ ಸಿಂದಗಿಯಲ್ಲಿ ಬಸ್ಸು ತಡವಾದರೆ ಬೇಸರ ಬೇಡ. ಪಕ್ಕದ ಬೆಂಚಿನ ಅಜ್ಜನನ್ನು ಕೇಳಿ ನೋಡಿ, ‘ಎರೆಭೂತ ನೋಡೀರೇನು?’ ಎಂದು. ಹೌದೆನ್ನುವ ಒಬ್ಬರು ಸಿಕ್ಕರೂ ಒಂದು ಬಸ್ಸು ತಪ್ಪಿಸಿಕೊಳ್ಳಬಹುದು.